ತಾಯಿಗೆ ತಿಳಿಯುವ ಮೊದಲಿನ ನಾಲ್ಕು ವಾರಗಳು

ಮುಟ್ಟು ತಪ್ಪಿದರೂ ನಮ್ಮಲ್ಲಿ ಅನೇಕರು ಒಂದೆರಡು ವಾರ ಕಾದು ನೋಡಿಯೇ ವೈದ್ಯರ ಬಳಿಗೆ ಹೋಗುತ್ತಾರೆ. ಅಷ್ಟರೊಳಗೆ ಗರ್ಭದಲ್ಲಿ ಏನೆಲ್ಲ ನಡೆದಿರುತ್ತದೆಂದು ಬಲ್ಲಿರಾ? ಗರ್ಭ ನಿಂತ ಸುಮಾರು 22ನೆಯ ದಿನ ಭ್ರೂಣದ ಹೃದಯ ಮಿಡಿಯತೊಡಗುತ್ತದೆ. ಮುಂದೆ ಮೆದುಳು, ಬೆನ್ನುಹುರಿಗಳಾಗಿ ಬೆಳೆಯುವ ನರನಾಳವು 28ನೆಯ ದಿನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಆದುದರಿಂದ ಮಗು ಬೇಕೆಂದು ದಂಪತಿಗಳು ಬಯಸಿದ ದಿನದಿಂದಲೇ ಎಚ್ಚರಿಕೆ ವಹಿಸುವುದು ಒಳ್ಳೆಯದು.

ಮುಖ್ಯವಾದುದು ಮದ್ಯ. ತಾಯಿ ಕುಡಿದ ಮದ್ಯ ಅವಳ ರಕ್ತದಿಂದ ಮಾಸುವನ್ನು ದಾಟಿ ಮಗುವನ್ನು ಸೇರುತ್ತದೆ. ಅದನ್ನು ಅರಗಿಸುವ ಶಕ್ತಿ ಮಗುವಿಗಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್ ನಗರದ ವೈದ್ಯರಾದ ಕೆನೆತ್ ಜೋನ್ಸ್, ಡೇವಿಡ್ ಸ್ಮಿತ್ ಮತ್ತು ಸಂಗಡಿಗರು ಎಂಟು ಮಕ್ಕಳ ಬಗ್ಗೆ ಬರೆದರು. ಕಿರಿದಾದ ಕಣ್ಣುಗಳು, ಕುಂಠಿತ ಬೆಳವಣಿಗೆ, ಹಿಂದುಳಿದ ಬುದ್ಧಿ. ಎಂಟೂ ಮಕ್ಕಳ ತಾಯಂದಿರು ಮದ್ಯವ್ಯಸನಿಗಳಾಗಿದ್ದರು.

'ನಮ್ಮ ಮನೆಯ ಹೆಂಗಸರಿಗೆ ಅಂಥ ಚಟವಿಲ್ಲ' ಎನ್ನುವಿರಿ. ಸರಿ, ಆದರೆ ಕ್ರಿಸ್ಮಸ್‌ಗೆಂದು ಭರಣಿಯಲ್ಲಿ ಹಾಕಿಟ್ಟ ದ್ರಾಕ್ಷಿ ವೈನ್? 'ಮನೆಯದಲ್ಲವೇ, ಏನೂ ಆಗದು' ಎಂದು ಸೊಸೆಯ ಕೈಗೆ ಲೋಟ ಕೊಡುವ ಅತ್ತೆಯಂದಿರಿದ್ದಾರೆ. ಮನೆಯ ವೈನ್‌ನಲ್ಲಿರುವುದೂ ಅಂಗಡಿಯ ಬಾಟಲಿಯಲ್ಲಿರುವುದೂ ಅದೇ ಮದ್ಯಸಾರ. ಹುದುಗಿಸಿ ತಯಾರಿಸುವ ಅರಿಷ್ಟಗಳಲ್ಲೂ ಅದು ಇರುತ್ತದೆ. ವೈದ್ಯರನ್ನು ಕೇಳದೆ ಅವನ್ನೂ ಕುಡಿಯಬೇಡಿ. ಗರ್ಭಿಣಿ ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನಬಹುದಾದ ಅಳತೆ ಇದುವರೆಗೆ ಸಿಕ್ಕಿಲ್ಲ. (ನ್ಯಾಯಸ್ಥಾಪಕರ ಗ್ರಂಥದ 13ನೆಯ ಅಧ್ಯಾಯ ತೆರೆದು ನೋಡಿ. ದ್ರಾಕ್ಷಾರಸ ಕುಡಿಯಬಾರದೆಂದು ದೇವದೂತನು ಸಂಸೋನನ ತಾಯಿಗೆ ಹೇಳಿದ್ದು ಅವಳು ಗರ್ಭಿಣಿಯಾಗುವ ಮೊದಲೇ! ಅಲ್ಲಿನ ಕಾರಣ ಮಗುವಿನ ವ್ರತವೆಂಬುದು ನಿಜ.)

ಕಾಫಿಯ ಮಾತು ಬೇರೆ. ಅದರಲ್ಲಿರುವ ಕೆಫೀನ್ ಕೂಡ ಮಗುವನ್ನು ತಲುಪುತ್ತದೆ, ಆದರೆ ಪೂರ್ತಿ ಬಿಡಬೇಕಾಗಿಲ್ಲ. ದಿನಕ್ಕೆ 200 ಮಿಲಿಗ್ರಾಂ ಒಳಗಿನ ಕೆಫೀನ್ ಗರ್ಭಸ್ರಾವಕ್ಕೆ ದೊಡ್ಡ ಕಾರಣವಾಗುವಂತೆ ಕಾಣುವುದಿಲ್ಲವೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ 2010ರಲ್ಲಿ ತಿಳಿಸಿತು. ಬೆಳಿಗ್ಗೆ, ಸಂಜೆ ಒಂದೊಂದು ಸಣ್ಣ ಲೋಟ, ಡಿಕಾಕ್ಷನ್ ಗಟ್ಟಿಯಿಲ್ಲದೆ ಇರಲಿ. ಚಹಾ, ಕೋಲಾ ಕೂಡ ಈ ಲೆಕ್ಕಕ್ಕೆ ಸೇರುತ್ತವೆ. ಊಟದ ಜೊತೆಗೆ ಮಾತ್ರ ಬೇಡ: ಕಾಫಿ, ಚಹಾ ಎರಡೂ ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತವೆ.

ಗರ್ಭ ಇಳಿದುಹೋದಾಗ 'ನೀನು ಕಾಫಿ ಕುಡಿದದ್ದರಿಂದಲೇ' ಎಂದು ಸೊಸೆಯನ್ನು ದೂರುವುದು ಅನ್ಯಾಯ. ಮೊದಲ ಮೂರು ತಿಂಗಳ ಗರ್ಭಸ್ರಾವಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಅದು ಯಾರ ತಪ್ಪೂ ಅಲ್ಲ.

ಬಸಿರೆಂದು ತಿಳಿಯದೆ ಮದುವೆಮನೆಯಲ್ಲಿ ಒಂದು ಲೋಟ ವೈನ್ ಕುಡಿದಿದ್ದರೆ ಗಾಬರಿಪಡಬೇಡಿ. ಅದರಿಂದ ಮಗುವಿಗೆ ಕೇಡಾಗಿಯೇ ತೀರುತ್ತದೆಂದಿಲ್ಲ. ಇಂದೇ ನಿಲ್ಲಿಸಿ, ಮುಂದಿನ ತಪಾಸಣೆಯಲ್ಲಿ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ. ಪತಿಯಾದವರೂ ಜೊತೆಗೆ ಹೋಗಿ.