ಹಲಗಲಿಯ ಪಕ್ಕದಿಂದ ಒಂದು ಪತ್ರ

ಲೋಕಾಪುರ

ಪ್ರೀತಿಯ ಮಗಳೇ,

ಧಾರವಾಡದಲ್ಲಿ ಅಪರಾಧಶಾಸ್ತ್ರಕ್ಕೆ ಸೇರಿದ ಸುದ್ದಿ ಕೇಳಿ ಸಂತೋಷವಾಯಿತು. ಹೋದ ಸಲ ಊರಿಗೆ ಬಂದಾಗ ನೀನು ಕಟ್ಟೆಯ ಮೇಲೆ ಕುಳಿತು ಬೆಕಾರಿಯಾ 1764, ಲೊಂಬ್ರೋಸೊ 1876, ಮರ್ಟನ್ 1938 ಎಂದು ಬಾಯಿಪಾಠ ಮಾಡುತ್ತಿದ್ದೆ. ಪರೀಕ್ಷೆಗೆ ಅದು ಬೇಕು, ಮಾಡು. ಅದರ ಜೊತೆಗೆ ಒಂದೊಂದು ಸಿದ್ಧಾಂತವನ್ನೂ ನಮ್ಮ ಸೀಮೆಯ ಮಣ್ಣಿನ ಮೇಲೆ ಇಟ್ಟು ನೋಡು ಎನ್ನುವುದಕ್ಕೇ ಈ ಪತ್ರ. ನಿನ್ನ ಓರಗೆಯವರೂ ಓದಲಿ ಎಂದು ಪತ್ರಿಕೆಗೇ ಕೊಡುತ್ತಿದ್ದೇನೆ.

ಹಲಗಲಿಯಿಂದ ಶುರುಮಾಡು. 1857ರಲ್ಲಿ ಇಂಗ್ಲಿಷರು ಹತಾರ ಇಟ್ಟುಕೊಳ್ಳಬಾರದು ಎಂದು ಕಾಯ್ದೆ ತಂದರು. ಅಲ್ಲಿನ ಬೇಡರಿಗೆ ಹತಾರವೆಂದರೆ ಬೇಟೆ, ಕಾವಲು, ಮರ್ಯಾದೆ. ನಿನ್ನೆಯವರೆಗೆ ಮನೆಯ ಗೂಟಕ್ಕೆ ತೂಗಿದ್ದ ಕತ್ತಿ ಒಂದು ಹುಕುಮಿನಿಂದ ಅಪರಾಧವಾಯಿತು. ಅವರು ಕೊಡಲಿಲ್ಲ. ದಂಡು ಬಂತು, ಊರು ಸುಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲೇ 6 ಜನರನ್ನು ಗಲ್ಲಿಗೇರಿಸಿದರು. ಶಿಕ್ಷೆ ತಪ್ಪದೆ, ತಡವಿಲ್ಲದೆ ಆಗಬೇಕು ಎಂದ ಬೆಕಾರಿಯಾ ಮರಣದಂಡನೆ ಬೇಡವೆಂದೂ ಬರೆದಿದ್ದ. ಇಲ್ಲಿ ತಡವಾಗಲಿಲ್ಲ. ಆದರೆ ಜನ ಅದನ್ನು ನ್ಯಾಯವೆಂದು ಒಪ್ಪಲಿಲ್ಲ. ಸರ್ಕಾರ ಬಂಡುಕೋರರೆಂದವರನ್ನು ಲಾವಣಿಕಾರರು ಬಂಟರೆಂದು ಹಾಡಿದರು. ಆ ಹಾಡನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಅದೇ ಸರ್ಕಾರದ ಅಧಿಕಾರಿ ಜೆ.ಎಫ್. ಫ್ಲೀಟ್. ಅಪರಾಧಿ ಎಂಬುದು ಸಮಾಜ ಹಚ್ಚುವ ಹಣೆಪಟ್ಟಿ ಎಂದು ಹೊವಾರ್ಡ್ ಬೆಕರ್ 1963ರಲ್ಲಿ ಬರೆದದ್ದನ್ನು ಓದುವಾಗ ನನಗೆ ನೆನಪಾಗುವುದು ಹಲಗಲಿಯೇ.

ಲೊಂಬ್ರೋಸೊ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸು. ಹುಟ್ಟಿನಿಂದಲೇ ಅಪರಾಧಿಯಾದವನ ಗುರುತು ತಲೆಬುರುಡೆಯಲ್ಲಿ, ದವಡೆಯಲ್ಲಿ ಇರುತ್ತದೆ ಎಂದವನು ಅವನು. ಅವನ ಪುಸ್ತಕ ಬರುವುದಕ್ಕೆ ಐದು ವರ್ಷ ಮೊದಲೇ, 1871ರಲ್ಲಿ, ಕೆಲವು ಜಾತಿಗಳು ಹುಟ್ಟಾ ಕಳ್ಳರೆಂಬ ಕಾಯ್ದೆ ಉತ್ತರ ಭಾರತದಲ್ಲಿ ಜಾರಿಯಾಗಿತ್ತು. 1911ರ ಹೊಸ ಕಾಯ್ದೆ ನಮ್ಮ ಮುಂಬಯಿ ಪ್ರಾಂತ್ಯವನ್ನೂ ಹಿಡಿಯಿತು. ವಿಜಯಪುರ, ಹುಬ್ಬಳ್ಳಿ, ಗದಗಿನಲ್ಲಿ ಸೆಟ್ಲ್‌ಮೆಂಟುಗಳಾದವು. ದಿನಾ ಹಾಜರಿ, ಹೊರಗೆ ಹೋಗಲು ಪಾಸು. ಆ ಕಾಯ್ದೆ ಬಂದ ಎರಡೇ ವರ್ಷಕ್ಕೆ, 1913ರಲ್ಲಿ, ಚಾರ್ಲ್ಸ್ ಗೋರಿಂಗ್ ಇಂಗ್ಲೆಂಡಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಅಳೆದು ನೋಡಿ, ಲೊಂಬ್ರೋಸೊ ಹೇಳಿದಂಥ ಗುರುತೇ ಇಲ್ಲವೆಂದ. ಸಿದ್ಧಾಂತ ಬಿದ್ದುಹೋಯಿತು, ಕಾಯ್ದೆ ಮಾತ್ರ ದೇಶದಲ್ಲಿ ಪೂರ್ತಿ ಹೋದದ್ದು 1952ರಲ್ಲಿ. ಅದು ಹೋದ ಮೇಲೂ ಅದರ ನೆರಳು ಹೋಗಲಿಲ್ಲ. ಜೈಲುಗಳ ಕೈಪಿಡಿಗಳಲ್ಲಿ ಉಳಿದಿದ್ದ, ಜಾತಿ ನೋಡುವ ನಿಯಮಗಳನ್ನು ಸುಪ್ರೀಂ ಕೋರ್ಟು ತೆಗೆದುಹಾಕಿದ್ದು 2024ರ ಅಕ್ಟೋಬರ್ 3ರಂದು.

ನನ್ನದೂ ಒಂದು ತಪ್ಪಿದೆ, ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಹೊಲದ ಪಂಪ್‌ಸೆಟ್ಟಿನ ಕೇಬಲ್ ಕಳುವಾಯಿತು. ಊರ ಹೊರಗೆ ಗುಡಾರ ಹಾಕಿದ್ದವರ ಕಡೆ ಮೊದಲು ಬೆರಳು ಮಾಡಿದವನು ನಾನೇ. ಅವರ ಗಂಟು ಬಿಚ್ಚಿಸಿ, ಪಾತ್ರೆ ಪಡಗ ಚೆಲ್ಲಾಡಿ ಹುಡುಕಿದರು. ಏನೂ ಸಿಗಲಿಲ್ಲ. ಕಣ್ಣೆದುರು ಚೆಲ್ಲಿದ ಹಿಟ್ಟನ್ನು ಒಬ್ಬ ತಾಯಿ ಬಳಿದು ಬಳಿದು ತುಂಬಿಕೊಳ್ಳುತ್ತಿದ್ದಳು. ಇವತ್ತಿಗೂ ಅದು ನನ್ನ ಕಣ್ಣಿಂದ ಹೋಗಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ಆ ವಾರ ನಮಗೆ ತ್ರೀಫೇಸ್ ಕರೆಂಟು ಹಗಲು ಪಾಳಿಯಲ್ಲಿತ್ತು. ನೀರು ಹಾಯಿಸಲು ರಾತ್ರಿ ಯಾರೂ ಹೊಲಕ್ಕೆ ಹೋಗುತ್ತಿರಲಿಲ್ಲ. ಪಾಳಿ ಗೊತ್ತಿದ್ದ ಯಾರಾದರೂ ಮಾಡಬಹುದಾದ ಕೆಲಸ. ಕೋಹೆನ್ ಮತ್ತು ಫೆಲ್ಸನ್ 1979ರಲ್ಲಿ ಹೇಳಿದ್ದು ಇದನ್ನೇ: ಕದಿಯುವ ಮನಸ್ಸು, ಕದಿಯಲು ಯೋಗ್ಯವಾದ ವಸ್ತು, ಕಾಯುವವರಿಲ್ಲದ ಹೊತ್ತು, ಈ ಮೂರೂ ಕೂಡಬೇಕು. ಅದರಲ್ಲಿ ಜಾತಿಯ ಪ್ರಶ್ನೆ ಎಲ್ಲೂ ಬರುವುದಿಲ್ಲ. ಬೇಸಾಯಗಾರನಿಗೆ ನಾಳೆ ಉಪಯೋಗಕ್ಕೆ ಬರುವ ಸಿದ್ಧಾಂತ ಇದು. ಆದರೆ ಆ ಮನಸ್ಸು ಯಾಕೆ ಬಂತು ಎಂದು ಇದು ಕೇಳುವುದಿಲ್ಲ. ಅದಕ್ಕೆ ಮರ್ಟನ್ ಕಡೆ ಹೋಗು. ಮಂದಿಯಂತೆ ಬಾಳಬೇಕೆಂಬ ಆಸೆ ಹುಟ್ಟಿಸಿ, ಅದರ ದಾರಿಯನ್ನು ಮುಚ್ಚಿದ ಸಮಾಜದ ಬಗ್ಗೆ ಅವನು ಬರೆದಿದ್ದಾನೆ.

ಸದರ್‌ಲ್ಯಾಂಡನನ್ನು ಮಾತ್ರ ಬಿಡಬೇಡ. ಕೋಟು ತೊಟ್ಟವರ ಅಪರಾಧದ ಬಗ್ಗೆ 1939ರಲ್ಲಿ ಮಾತನಾಡಿದವನು ಅವನು. ನಮ್ಮದು ಕಬ್ಬಿನ ಸೀಮೆ. ಕಬ್ಬು ಮುಟ್ಟಿದ 14 ದಿನದೊಳಗೆ ರೈತನಿಗೆ ಹಣ ಸಲ್ಲಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿ ತಿಂಗಳುಗಟ್ಟಲೆ ನಿಂತಾಗ ಯಾರ ಮನೆಯ ಗಂಟನ್ನೂ ಯಾರೂ ಬಿಚ್ಚಿಸುವುದಿಲ್ಲ. ಎರಡು ಮಾರು ತಂತಿ ಒಯ್ದವನು ಕಳ್ಳ, ಹಂಗಾಮಿನ ಹಣ ತಡೆದವನು ಸಾಹೇಬ. ಈ ಅಂತರ ನಿನ್ನನ್ನು ಕಾಡಬೇಕು.

ಹಾಗೆಂದು ಕಳವೇ ಇಲ್ಲ, ಎಲ್ಲವೂ ಹಣೆಪಟ್ಟಿ ಎನ್ನಲು ಹೋಗಬೇಡ. ತಾಳಿ ಕಳಕೊಂಡ ಹೆಣ್ಣುಮಗಳ ಮುಂದೆ ಆ ಮಾತು ನಿಲ್ಲುವುದಿಲ್ಲ.

ಧಾರವಾಡದಿಂದ ಹುಬ್ಬಳ್ಳಿ ಎಷ್ಟು ದೂರ? ಒಂದು ಭಾನುವಾರ ಗಂಗಾಧರ ನಗರದ ಸೆಟ್ಲ್‌ಮೆಂಟಿಗೆ ಹೋಗು. ಆ ಕಾಯ್ದೆಯ ಕೊನೆಯ ದಿನಗಳಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. ಹಾಜರಿಯ ನೆನಪಿರುವ ಹಿರಿಯರಿದ್ದರೆ ಅವರ ಪಕ್ಕ ಕುಳಿತು ಕೇಳು, ಅವರ ಮಾತಿನಲ್ಲೇ ಬರೆದುಕೋ. ರಜೆಗೆ ಬಂದಾಗ ಇಬ್ಬರೂ ಕೂಡಿ ಹಲಗಲಿಗೆ ಹೋಗೋಣ.

ನಿನ್ನ,
ದೊಡ್ಡಪ್ಪ