ಉದ್ರಿಯ ಹೊಸ ರೂಪ

ಸಾಮಾನನ್ನು ಈಗ ಕೊಂಡು ಹಣವನ್ನು ಮುಂದೆ ಕೊಡುವ ಪದ್ಧತಿ ನಮಗೆ ಹೊಸದೇನೂ ಅಲ್ಲ. ನಮ್ಮ ಕಡೆ ಇದಕ್ಕೆ ಉದ್ರಿ ಎನ್ನುತ್ತಾರೆ; ದೆಹಲಿಯ ಗಲ್ಲಿಗಳಲ್ಲಿ ಉಧಾರ್ ಎನ್ನುತ್ತಾರೆ. 'ಇಂದು ನಗದು, ನಾಳೆ ಉದ್ರಿ' ಎಂಬ ಅಂಗಡಿಯ ಫಲಕವನ್ನು ಓದಿ ನಾವೆಲ್ಲ ನಕ್ಕವರೇ. ಮೊಬೈಲಿನಲ್ಲಿ ವ್ಯಾಪಾರ ಮಾಡುವ ಈ ಕಾಲದಲ್ಲಿ ಆ ಫಲಕವೇ ತಿರುವುಮುರುವಾಗಿದೆ: ಇಂದು ಉದ್ರಿ, ನಾಳೆ ನಗದು! ನಮ್ಮ ನೆರೆಯ ಗುರುಗ್ರಾಮದ ಮೊಬಿಕ್ವಿಕ್ ಸಂಸ್ಥೆಯು 'ಜಿಪ್' ಎಂಬ ಹೆಸರಿನಿಂದ ಇಂಥ ಸಾಲವನ್ನು ಬಳಕೆಗೆ ತಂದಿತು. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜೆಸ್ಟ್‌ಮನಿ ಇದೇ ವ್ಯವಹಾರಕ್ಕಿಳಿದು, 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚುವುದಾಗಿ ಸಾರಿತು.

ಗಲ್ಲಿಯ ಅಂಗಡಿಯವನು ಉದ್ರಿ ಕೊಡುವಾಗ ಮನೆಯವರ ಮುಖವನ್ನು ನೋಡುತ್ತಾನೆ. ಬಾಕಿ ಬೆಳೆದರೆ 'ಹಿಂದಿನದನ್ನು ತೀರಿಸಿ' ಎನ್ನುತ್ತಾನೆ. ಆ ಸಂಕೋಚವೇ ಒಂದು ಕಡಿವಾಣ. ಹೊಸ ಉದ್ರಿಯಲ್ಲಿ ಸಂಕೋಚಕ್ಕೆ ಎಡೆಯೇ ಇಲ್ಲ; ಬೆರಳೊತ್ತಿದರೆ ಆಯಿತು.

'ಬಡ್ಡಿಯಿಲ್ಲ' ಎಂದು ಬರೆದಿರುತ್ತದೆ. ಹಾಗಾದರೆ ಸಾಲ ಕೊಟ್ಟವನಿಗೆ ಲಾಭವೆಲ್ಲಿಂದ? ಸಾಮಾನ್ಯವಾಗಿ ಮಾರುವವನೇ ಅವನಿಗೆ ದಲ್ಲಾಳಿ ಕೊಡುತ್ತಾನೆ. ಏಕೆಂದರೆ ಕೈಯಿಂದ ಹಣ ಹೋಗುವ ನೋವು ಇಲ್ಲದಿದ್ದಾಗ ಗಿರಾಕಿ ಹೆಚ್ಚು ಕೊಳ್ಳುತ್ತಾನೆ. ಎರಡನೆಯ ಲಾಭ ತಡವಾದಾಗ ವಿಧಿಸುವ ದಂಡ. 900 ರೂಪಾಯಿಯ ಬೂಟುಗಳನ್ನು 300ರಂತೆ ಮೂರು ಕಂತುಗಳಲ್ಲಿ ಕೊಂಡೆವೆಂದು ಇಟ್ಟುಕೊಳ್ಳೋಣ. ಒಂದು ಕಂತು ಒಂದು ತಿಂಗಳು ತಡವಾಗಿ, 100 ರೂಪಾಯಿ ದಂಡ ಬಿದ್ದರೆ? ನೂರು ರೂಪಾಯಿ ತಾನೇ ಎನಿಸುತ್ತದೆ. ಆದರೆ 300ಕ್ಕೆ 100 ಎಂದರೆ ತಿಂಗಳಿಗೆ ಶೇಕಡ 33ಕ್ಕೂ ಮೇಲಾಯಿತು. ವರ್ಷದ ಲೆಕ್ಕದಲ್ಲಿ ಶೇಕಡ 400! ಊರಿನ ಬಡ್ಡಿ ಸಾಹುಕಾರನೂ ಇಂಥ ದರವನ್ನು ಬಾಯಿಬಿಟ್ಟು ಕೇಳಲು ನಾಚುವನು. ಸಾಲ ಚಿಕ್ಕದಾದಷ್ಟೂ ದಂಡದ ಭಾರ ದೊಡ್ಡದು.

ತಿಂಗಳ ಕೊನೆಯಲ್ಲಿ ಕುಕ್ಕರು ಕೆಟ್ಟಿತು, ಸಂಬಳ ಬರಲು ಐದು ದಿನವಿದೆ. ಆಗ ಇದನ್ನು ಬಳಸಿದರೆ ನಾವು ತಪ್ಪೆನ್ನಲಾರೆವು. ಅಕ್ಕಿ ಬೇಳೆ ಕುರುಕಲು ತಿಂಡಿಗಳ ಮಾತು ಬೇರೆ. ಪದಾರ್ಥ ಕರಗಿಹೋದ ಮೇಲೆಯೂ ಸಾಲ ಉಳಿದಿರುತ್ತದೆ, ಮುಂದಿನ ತಿಂಗಳಿನ ಅಕ್ಕಿಯ ಹಣವನ್ನು ಅದು ಮೊದಲೇ ತಿಂದಿರುತ್ತದೆ.

ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ಮೊಬೈಲು ಸಾಲಗಳಿಗೆ ನಿಯಮಗಳನ್ನು ವಿಧಿಸಿ, 2025ರಲ್ಲಿ ಅವನ್ನು ಪರಿಷ್ಕರಿಸಿತು. ಸಾಲದ ಒಟ್ಟು ವೆಚ್ಚವನ್ನು ವಾರ್ಷಿಕ ದರವಾಗಿ ಮೊದಲೇ ತಿಳಿಸಬೇಕು; ಸಾಲಗಾರನ ಒಪ್ಪಿಗೆಯಿಲ್ಲದೆ ಸಾಲದ ಮಿತಿಯನ್ನು ಏರಿಸಕೂಡದು. ಎಷ್ಟೇ ಅಲ್ಪಾವಧಿಯ ಸಾಲವಾದರೂ ಅದರ ವಿವರ ಸಾಲದ ಚರಿತ್ರೆಯನ್ನಿಡುವ ಸಂಸ್ಥೆಗಳಿಗೆ ಹೋಗತಕ್ಕದ್ದು.

ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಒಂದು ಮಾತು. 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲಾರರು. ಅಂಥ ಕರಾರು ಮೊದಲಿನಿಂದಲೇ ಶೂನ್ಯವೆಂದು ಮೊಹೊರಿ ಬೀಬಿಯ ಮೊಕದ್ದಮೆಯಲ್ಲಿ 1903ರಲ್ಲಿ ಪ್ರಿವಿ ಕೌನ್ಸಿಲು ತೀರ್ಪಿತ್ತಿತು. ಆದುದರಿಂದ ಹದಿನೆಂಟು ತುಂಬದವರ ಹೆಸರಿನಲ್ಲಿ ಈ ಸಾಲವಿಲ್ಲ. ತಂದೆಯವರ ಮೊಬೈಲಿನಲ್ಲಿ ಮಕ್ಕಳು ಗುಂಡಿಯೊತ್ತಿದರೋ, ಬಾಕಿ ಕೇಳಿ ಬರುವ ಕರೆ ತಂದೆಯವರಿಗೇ. ತಪ್ಪಿದ ಕಂತು ದಾಖಲಾಗುವುದೂ ಅವರ ಹೆಸರಿನಲ್ಲಿಯೇ.