ಮೋಟಾರು ಕಾರಿನ ಸವೆದ ಮುಂದಿನ ಅಚ್ಚನ್ನು ಮನೆಯಲ್ಲಿಯೇ ಬದಲಾಯಿಸುವ ಕ್ರಮ

ಗಾಡಿಯನ್ನು ಹೂಡುವುದಕ್ಕೆ ಮೊದಲು ಅಚ್ಚಿಗೆ ಕೀಲೆಣ್ಣೆ ಹಾಕಿದೆಯೇ, ಕಡಾಣಿ ಭದ್ರವಾಗಿದೆಯೇ ಎಂದು ನೋಡುವುದು ನಮ್ಮ ರೈತರಲ್ಲಿ ತಲೆತಲಾಂತರದಿಂದ ಬಂದಿರುವ ಪದ್ಧತಿಯು. ಈಗ ಅನೇಕ ಬೇಸಾಯಗಾರರ ಮನೆಯ ಮುಂದೆ ಗಾಡಿಯ ಸ್ಥಳದಲ್ಲಿ ಸಣ್ಣ ಕಾರು ನಿಂತಿದೆ. ತರಕಾರಿಯ ಮೂಟೆ, ಹಾಲಿನ ಕ್ಯಾನು, ಬಿತ್ತನೆಯ ಬೀಜ ಇವೆಲ್ಲವೂ ಅದರಲ್ಲಿಯೇ ಸಾಗುತ್ತವೆ; ರಾತ್ರಿಯ ವೇಳೆ ಕಾಯಿಲೆಯವರನ್ನು ಆಸ್ಪತ್ರೆಗೆ ಒಯ್ಯುವುದೂ ಅದರಲ್ಲಿಯೇ. ಆದರೆ ಗಾಡಿಯ ಅಚ್ಚಿನ ವಿಷಯದಲ್ಲಿದ್ದ ಎಚ್ಚರಿಕೆಯು ಕಾರಿನ ಅಚ್ಚಿನ ವಿಷಯದಲ್ಲಿ ಕಂಡುಬರುವುದು ಅಪರೂಪ. ಅದು ಕಣ್ಣಿಗೆ ಬೀಳದ ಸ್ಥಳದಲ್ಲಿರುವುದೇ ಇದಕ್ಕೆ ಮುಖ್ಯ ಕಾರಣ. ಈ ಅಚ್ಚಿನ ರಚನೆ, ಅದು ಕೆಡುವ ಬಗೆ, ಕೆಟ್ಟುದನ್ನು ತಿಳಿಯುವ ಗುರುತುಗಳು, ಮತ್ತು ಕೈಕೆಲಸದಲ್ಲಿ ಅಭ್ಯಾಸವುಳ್ಳವರು ಅದನ್ನು ಮನೆಯಲ್ಲಿಯೇ ಬದಲಾಯಿಸತಕ್ಕ ಕ್ರಮ ಇವುಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

೧. ಅಚ್ಚಿನ ರಚನೆ

ಹಿಂದೆ ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಅಂಬಾಸಡರ್, ಪದ್ಮಿನಿ ಮುಂತಾದ ಕಾರುಗಳಲ್ಲಿ ಇಂಜಿನ್ನಿನ ಶಕ್ತಿಯು ಉದ್ದನೆಯ ದಂಡದ ಮೂಲಕ ಹಿಂದಿನ ಗಾಲಿಗಳಿಗೆ ಹೋಗುತ್ತಿತ್ತು. ೧೯೮೩ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ಹೊರಬಂದ ಮಾರುತಿ ೮೦೦ ಕಾರಿನಲ್ಲಿ ಮುಂದಿನ ಗಾಲಿಗಳೇ ಕಾರನ್ನು ಎಳೆಯುವ ಏರ್ಪಾಡಿತ್ತು. ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲು ಈ ಬಗೆಯವೇ ಆಗಿವೆ. ಓಮ್ನಿ, ಬೊಲೆರೊ ಮುಂತಾದವು ಹಿಂದಿನ ಗಾಲಿಗಳಿಂದ ನಡೆಯುವ ವಾಹನಗಳಾದುದರಿಂದ ಇಲ್ಲಿ ಹೇಳುವ ಕ್ರಮವು ಅವುಗಳಿಗೆ ಅನ್ವಯಿಸುವುದಿಲ್ಲ.

ಮುಂದಿನ ಗಾಲಿಯು ಏಕಕಾಲದಲ್ಲಿ ಮೂರು ಕೆಲಸಗಳನ್ನು ಮಾಡಬೇಕಾಗಿದೆ. ಅದು ಶಕ್ತಿಯನ್ನು ಪಡೆದು ತಿರುಗಬೇಕು; ಸ್ಟಿಯರಿಂಗಿಗೆ ಅನುಸಾರವಾಗಿ ಎಡಕ್ಕೂ ಬಲಕ್ಕೂ ಹೊರಳಬೇಕು; ರಸ್ತೆಯ ಹಳ್ಳತಿಟ್ಟುಗಳಿಗೆ ತಕ್ಕಂತೆ ಮೇಲಕ್ಕೂ ಕೆಳಕ್ಕೂ ಆಡಬೇಕು. ಬಾಗದ ಅಚ್ಚಿನಿಂದ ಇದು ಸಾಧ್ಯವಿಲ್ಲ. ಆದಕಾರಣ ಗೇರುಪೆಟ್ಟಿಗೆಯಿಂದ ಪ್ರತಿಯೊಂದು ಮುಂಗಾಲಿಗೂ ಒಂದೊಂದು ಉಕ್ಕಿನ ಅಚ್ಚನ್ನು ಜೋಡಿಸಿ, ಅದರ ಎರಡು ತುದಿಗಳಲ್ಲಿಯೂ ಒಂದೊಂದು ಕೀಲನ್ನು ಇಟ್ಟಿರುತ್ತಾರೆ. ಗಾಲಿಯ ಕಡೆಯ ಹೊರಗೀಲಿನಲ್ಲಿ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು ತಮ್ಮ ತಮ್ಮ ಕಾಲುವೆಗಳಲ್ಲಿ ಹೊರಳುತ್ತವೆ. ಈ ಕೀಲು ಸುಮಾರು ೪೫ ಡಿಗ್ರಿಯವರೆಗೆ ಬಾಗಿದರೂ ಗಾಲಿಯ ವೇಗವು ಏರುಪೇರಾಗುವುದಿಲ್ಲ. ಆಲ್ಫ್ರೆಡ್ ಝೆಪ್ಪಾ ಎಂಬ ಇಂಜಿನಿಯರರು ಅಮೆರಿಕಾ ದೇಶದಲ್ಲಿ ೧೯೨೦ರ ದಶಕದಲ್ಲಿ ಇದನ್ನು ರೂಪಿಸಿದರು. ೧೯೫೯ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮಿನಿ ಎಂಬ ಪುಟ್ಟ ಕಾರಿನಲ್ಲಿಯೂ ಈ ಜಾತಿಯ ಕೀಲುಗಳಿದ್ದುವು. ಗೇರುಪೆಟ್ಟಿಗೆಯ ಕಡೆಯ ಒಳಗೀಲಿನಲ್ಲಿ ಅನೇಕ ಕಾರುಗಳಲ್ಲಿ ಮೂರು ಉರುಳೆಗಳಿರುತ್ತವೆ. ಗಾಲಿಯು ಮೇಲೆ ಕೆಳಗೆ ಆಡುವಾಗ ಅಚ್ಚಿನ ಅಳತೆಯು ಹೆಚ್ಚುಕಡಿಮೆಯಾಗಬೇಕಾಗುವುದರಿಂದ ಇದು ಒಳಕ್ಕೂ ಹೊರಕ್ಕೂ ಜಾರುವಂತೆ ರಚಿತವಾಗಿದೆ.

೨. ಅಚ್ಚು ಕೆಡುವ ಬಗೆ

ಎರಡು ಕೀಲುಗಳ ಮೇಲೆಯೂ ನೆರಿಗೆನೆರಿಗೆಯಾದ ರಬ್ಬರಿನ ಮುಸುಕು ಉಂಟು. ಗ್ಯಾರೇಜಿನವರು ಇದನ್ನು ಬೂಟು ಎನ್ನುತ್ತಾರೆ. ಇದರೊಳಗೆ ಕಪ್ಪು ಗ್ರೀಸು ತುಂಬಿರುತ್ತದೆ. ಬೂಟು ಸರಿಯಾಗಿರುವವರೆಗೂ ಕೀಲು ಬಹು ಕಾಲ ಬಾಳುತ್ತದೆ. ಅಚ್ಚು ಹಾಳಾಗುವುದು ಬಹುಮಟ್ಟಿಗೆ ಬೂಟಿನಿಂದಲೇ ಪ್ರಾರಂಭವಾಗುವುದು. ರಬ್ಬರು ವಯಸ್ಸಾಗಿ ನೆರಿಗೆಯಲ್ಲಿ ಬಿರಿಯಬಹುದು. ಹೊಲದ ದಾರಿಯ ಜಾಲಿಮುಳ್ಳಾಗಲಿ, ಕತ್ತರಿಸಿದ ಗಿಡದ ಕೂಳೆಯಾಗಲಿ ಅದನ್ನು ಸೀಳಬಹುದು. ಬೂಟು ಸೀಳಿದೊಡನೆ, ತಿರುಗುವ ರಭಸಕ್ಕೆ ಗ್ರೀಸು ಹೊರಗೆ ಚಿಮ್ಮಿಹೋಗಿ, ಅದರ ಸ್ಥಳದಲ್ಲಿ ಮರಳೂ ಕೆಸರುನೀರೂ ಸೇರುತ್ತವೆ. ಗುಂಡುಗಳೂ ಕಾಲುವೆಗಳೂ ಅರೆಯುವ ಕಲ್ಲಿಗೆ ಸಿಕ್ಕಿದಂತಾಗಿ ಬೇಗನೆ ಸವೆದುಹೋಗುತ್ತವೆ.

ಬೂಟು ಹರಿದುದನ್ನು ಕೂಡಲೇ ಕಂಡು, ಕೀಲಿನಿಂದ ಇನ್ನೂ ಶಬ್ದ ಬರದೆ ಇರುವ ಪಕ್ಷದಲ್ಲಿ, ಕೀಲನ್ನು ತೊಳೆದು ಹೊಸ ಗ್ರೀಸನ್ನೂ ಹೊಸ ಬೂಟನ್ನೂ ಹಾಕಿಸಿದರೆ ಸಾಕು. ಇದರ ಖರ್ಚು ಇಡೀ ಅಚ್ಚಿನ ಬೆಲೆಯ ಅಲ್ಪ ಭಾಗ ಮಾತ್ರ. ತಡಮಾಡಿದರೆ ಅಚ್ಚನ್ನೇ ಕೊಳ್ಳಬೇಕಾಗುವುದು.

೩. ಕೆಟ್ಟುದನ್ನು ತಿಳಿಯುವ ಗುರುತುಗಳು

ಕಾರನ್ನು ವಿಶಾಲವಾದ ಕಣದಲ್ಲಿಯಾಗಲಿ ಬಯಲಿನಲ್ಲಿಯಾಗಲಿ ನಿಧಾನವಾಗಿ ಓಡಿಸುತ್ತಾ, ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿಯಾಗಿ ತಿರುಗಿಸಿ ಸುತ್ತು ಬರಬೇಕು. ತರುವಾಯ ಇನ್ನೊಂದು ಕಡೆಗೆ ಸುತ್ತು ಬರಬೇಕು. ಆಗ ಟಕ್ ಟಕ್ ಎಂಬ ಶಬ್ದವು ಗಾಲಿಯ ಗತಿಗೆ ಸರಿಯಾಗಿ ಕೇಳಿಬಂದರೆ ಹೊರಗೀಲು ಸವೆದಿದೆಯೆಂದು ತಿಳಿಯತಕ್ಕದ್ದು. ಬಲಕ್ಕೆ ತಿರುಗುವಾಗ ಶಬ್ದ ಬಂದರೆ ಸಾಮಾನ್ಯವಾಗಿ ಎಡಗಡೆಯ ಅಚ್ಚೂ, ಎಡಕ್ಕೆ ತಿರುಗುವಾಗ ಬಂದರೆ ಬಲಗಡೆಯ ಅಚ್ಚೂ ದೋಷವುಳ್ಳದ್ದಾಗಿರುತ್ತದೆ. ನೇರವಾದ ರಸ್ತೆಯಲ್ಲಿ ವೇಗವನ್ನು ಹೆಚ್ಚಿಸುವಾಗ ಕಾರು ನಡುಗಿದರೆ ಒಳಗೀಲಿನ ಮೇಲೆ ಸಂಶಯಪಡಬೇಕು. ಗಾಲಿಯ ಒಳಮೈಯಲ್ಲಿ ಗ್ರೀಸು ಚಿಮ್ಮಿರುವುದು ಬೂಟು ಹರಿದುದಕ್ಕೆ ಗುರುತು. ಶಬ್ದವು ಟಕ್ ಟಕ್ ಎನ್ನದೆ, ವೇಗದೊಡನೆ ಹೆಚ್ಚುವ ಗುಂಯ್‌ಗುಟ್ಟುವಿಕೆಯಾಗಿದ್ದರೆ ಅದು ಗಾಲಿಯ ಬೇರಿಂಗಿನ ದೋಷವಾಗಿರಬಹುದು; ಅಚ್ಚನ್ನು ಬದಲಾಯಿಸಿದರೆ ಅದು ಹೋಗದು.

ಶಬ್ದವನ್ನು ಕೇಳಿಯೂ ಉದಾಸೀನ ಮಾಡುವುದು ಅಪಾಯಕರ. ಒಂದು ಕಡೆಯ ಅಚ್ಚು ಮುರಿದರೆ ಇಂಜಿನ್ನು ಓಡುತ್ತಿದ್ದರೂ ಕಾರು ಮುಂದೆ ಸಾಗುವುದಿಲ್ಲ. ಅಷ್ಟೇ ಅಲ್ಲದೆ, ಇಳಿಜಾರಿನಲ್ಲಿ ಗೇರು ಹಾಕಿ ನಿಲ್ಲಿಸಿದ ಕಾರನ್ನು ಗೇರು ಹಿಡಿದಿಡಲಾರದು; ಕೈಬ್ರೇಕೊಂದೇ ಆಧಾರವಾಗಿ ಉಳಿಯುವುದು.

೪. ಬೇಕಾಗುವ ಸಾಮಗ್ರಿಗಳು

ಆಯಾ ಕಾರಿನ ರಿಪೇರಿ ಪುಸ್ತಕ, ಜ್ಯಾಕು, ಎರಡು ಗಟ್ಟಿಯಾದ ಉಕ್ಕಿನ ಸ್ಟ್ಯಾಂಡುಗಳು, ಸ್ಪ್ಯಾನರುಗಳು, ಅಚ್ಚಿನ ನಟ್ಟಿಗೆ ಸರಿಹೊಂದುವ ಸಾಕೆಟ್ಟು ಮತ್ತು ಉದ್ದ ಹಿಡಿ, ಬಿಗಿತವನ್ನು ಅಳೆಯುವ ಟಾರ್ಕ್ ಸ್ಪ್ಯಾನರು, ಸುತ್ತಿಗೆ, ಉಳಿ, ಸಣ್ಣ ಸನ್ನೆಗೋಲು, ಎಣ್ಣೆ ಹಿಡಿಯುವ ಬಾಂಡಲಿ, ಹೊಸ ಅಚ್ಚು, ಹೊಸ ನಟ್ಟು, ಪುಸ್ತಕದಲ್ಲಿ ಹೇಳಿರುವ ಜಾತಿಯ ಗೇರೆಣ್ಣೆ ಇವು ಬೇಕು. ಸಹಾಯಕ್ಕೆ ಒಬ್ಬರು ಹತ್ತಿರವಿರತಕ್ಕದ್ದು.

ಸ್ಟ್ಯಾಂಡುಗಳಿಲ್ಲದೆ ಈ ಕೆಲಸಕ್ಕೆ ಕೈಹಾಕಲೇ ಕೂಡದು. ಮಾರುತಿ ೮೦೦ ತೀರ ಹಗುರವಾದ ಕಾರುಗಳಲ್ಲೊಂದು. ಆದರೂ ಅದರ ತೂಕವು ಸುಮಾರು ಆರೂವರೆ ಕ್ವಿಂಟಲ್. ಜ್ಯಾಕು ಎತ್ತುವುದಕ್ಕೆ ಮಾತ್ರ ಉಂಟಾದ ಸಾಧನವೇ ಹೊರತು ಹೊತ್ತು ನಿಲ್ಲುವುದಕ್ಕಲ್ಲ. ಇಟ್ಟಿಗೆ, ಸೈಜುಗಲ್ಲು, ಸಿಮೆಂಟಿನ ಬ್ಲಾಕುಗಳು ಯಾವ ಸೂಚನೆಯನ್ನೂ ಕೊಡದೆ ಒಡೆದುಹೋಗಬಲ್ಲುವು. ಕಾರಿನ ಕೆಳಗೆ ಮಲಗಿದವನಿಗೆ ಎದ್ದು ಬರಲು ಅವಕಾಶವಿರುವುದಿಲ್ಲ.

೫. ಬದಲಾಯಿಸುವ ಕ್ರಮ

(೧) ಕಾರನ್ನು ಸಮತಟ್ಟಾದ ಗಟ್ಟಿನೆಲದ ಮೇಲೆ ನಿಲ್ಲಿಸಿ, ಕೈಬ್ರೇಕನ್ನು ಎಳೆದು, ಹಿಂದಿನ ಗಾಲಿಗಳಿಗೆ ಎರಡು ಕಡೆಯೂ ಕಲ್ಲನ್ನೋ ಮರದ ತುಂಡನ್ನೋ ಕೊಡಬೇಕು. ಅಚ್ಚು ಕಳಚಿದ ಮೇಲೆ ಗೇರು ಕಾರನ್ನು ಹಿಡಿಯದೆಂಬುದನ್ನು ಮರೆಯಕೂಡದು.

(೨) ಗಾಲಿಯು ನೆಲದ ಮೇಲಿರುವಾಗಲೇ ಅಚ್ಚಿನ ತುದಿಯ ದೊಡ್ಡ ನಟ್ಟನ್ನು ಸಡಿಲಿಸಬೇಕು. ನಟ್ಟಿನ ಅಂಚನ್ನು ಅಚ್ಚಿನ ಗಾಡಿಗೆ ಬಡಿದು ಕೂರಿಸಿದ್ದರೆ ಉಳಿಯಿಂದ ಮೊದಲು ಅದನ್ನು ಬಿಡಿಸಬೇಕು. ಸಹಾಯಕರು ಬ್ರೇಕನ್ನು ಬಲವಾಗಿ ತುಳಿದಿರಲಿ. ಗಾಲಿಯ ನಟ್ಟುಗಳನ್ನೂ ಇದೇ ಸಮಯದಲ್ಲಿ ಸ್ವಲ್ಪ ಸಡಿಲಿಸತಕ್ಕದ್ದು. ಇದಾದ ಮೇಲೆ ಕಾರನ್ನು ಸ್ವಲ್ಪವಾದರೂ ಉರುಳಿಸಕೂಡದು. ಅನೇಕ ಕಾರುಗಳಲ್ಲಿ ಗಾಲಿಯ ಬೇರಿಂಗನ್ನು ಬಿಗಿಯಾಗಿ ಹಿಡಿದಿರುವುದು ಈ ನಟ್ಟೇ ಆಗಿದೆ.

(೩) ಕಾರನ್ನು ಎತ್ತಿ, ಪುಸ್ತಕದಲ್ಲಿ ತೋರಿಸಿದ ಸ್ಥಳಗಳಲ್ಲಿ ಸ್ಟ್ಯಾಂಡುಗಳನ್ನು ಕೊಟ್ಟು ಇಳಿಸಬೇಕು. ಕೈಯಿಂದ ಕಾರನ್ನು ತಳ್ಳಿ ಅದು ಅಲುಗುವುದಿಲ್ಲವೆಂದು ನೋಡಿಕೊಂಡ ಮೇಲೆಯೇ ಗಾಲಿಯನ್ನು ಕಳಚಬೇಕು.

(೪) ಗೇರೆಣ್ಣೆಯನ್ನು ಬಾಂಡಲಿಗೆ ಇಳಿಸಬೇಕು. ಎಣ್ಣೆ ತುಂಬುವ ಬಿರಡೆಯು ಸಡಿಲವಾಗುವುದೆಂದು ಮೊದಲು ಪರೀಕ್ಷಿಸಿ, ಅನಂತರ ಇಳಿಸುವ ಬಿರಡೆಯನ್ನು ತೆಗೆಯುವುದು ಜಾಣತನ. ಹಾಗಲ್ಲದೆ ಎಣ್ಣೆಯನ್ನು ಇಳಿಸಿಬಿಟ್ಟು, ತುಂಬುವ ಬಿರಡೆಯು ಬಾರದೆ ಹೋದರೆ ಕಾರು ನಿಂತಲ್ಲಿಯೇ ನಿಲ್ಲುವುದು.

(೫) ಅಚ್ಚಿನ ನಟ್ಟನ್ನು ಪೂರ್ತಿಯಾಗಿ ತೆಗೆಯಬೇಕು. ಗಾಲಿಯ ಗುಂಬವನ್ನು ಹೊತ್ತಿರುವ ಎರಕದ ತುಂಡಿಗೆ ಗ್ಯಾರೇಜಿನವರು ನಕಲ್ ಎನ್ನುವರು. ಇದನ್ನು ಕೆಳದೋಳಿಗೆ ಕೂಡಿಸಿರುವ ಬಾಲ್ ಜಾಯಿಂಟಿನ ಬೋಲ್ಟನ್ನು ಬಿಚ್ಚಿ, ತೋಳನ್ನು ಸನ್ನೆಗೋಲಿನಿಂದ ಕೆಳಕ್ಕೆ ಒತ್ತಿ ಬಿಡಿಸಬೇಕು. ಬ್ರೇಕಿನ ರಬ್ಬರ್ ಕೊಳವೆಯು ಎಳೆತಕ್ಕೆ ಸಿಕ್ಕದಂತೆ ಎಚ್ಚರವಾಗಿರಬೇಕು.

(೬) ಅಚ್ಚು ಗುಂಬದಲ್ಲಿ ಕಚ್ಚಿಕೊಂಡಿದ್ದರೆ, ಹಳೆಯ ನಟ್ಟನ್ನು ತುದಿಗೆ ಸಮವಾಗುವಂತೆ ತಿರುಗಿಸಿ, ಮೇಲೆ ಮರದ ತುಂಡನ್ನಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿಯಬೇಕು. ಅಚ್ಚು ಸಡಿಲವಾದೊಡನೆ ನಟ್ಟನ್ನು ತೆಗೆದು, ನಕಲನ್ನು ಹೊರಕ್ಕೆ ಸರಿಸಿ, ಅಚ್ಚಿನ ತುದಿಯನ್ನು ಗುಂಬದಿಂದ ಬಿಡಿಸಬೇಕು.

(೭) ಒಳತುದಿಯನ್ನು ಗೇರುಪೆಟ್ಟಿಗೆಯಲ್ಲಿ ಒಂದು ಸಣ್ಣ ಉಕ್ಕಿನ ಬಳೆಯು ಹಿಡಿದಿರುತ್ತದೆ. ಪೆಟ್ಟಿಗೆಗೂ ಒಳಗೀಲಿಗೂ ನಡುವೆ ಸನ್ನೆಗೋಲನ್ನು ಕೊಟ್ಟು ಒಮ್ಮೆ ಮೀಟಿದರೆ ಅದು ಬಿಟ್ಟುಕೊಳ್ಳುವುದು. ಅಚ್ಚಿನ ದಂಡವನ್ನು ಹಿಡಿದು ಎಳೆಯಕೂಡದು. ಎಳೆದರೆ ಒಳಗೀಲು ತನ್ನೊಳಗೆ ಕಳಚಿಕೊಂಡು, ಬಳೆಯು ಮಾತ್ರ ಬಿಡದೆ ಉಳಿಯುವುದು. ಎಣ್ಣೆ ತಡೆಯುವ ಸೀಲಿಗೆ ಸನ್ನೆಗೋಲು ತಗಲಕೂಡದು. ಕೆಲವು ಕಾರುಗಳಲ್ಲಿ ಎರಡು ಅಚ್ಚುಗಳನ್ನೂ ಒಟ್ಟಿಗೆ ತೆಗೆದರೆ ಪೆಟ್ಟಿಗೆಯೊಳಗಿನ ಹಲ್ಲುಗಾಲಿಗಳು ಜಾರುವ ಸಂಭವವಿರುವುದರಿಂದ ಒಂದಾದ ಮೇಲೊಂದನ್ನು ಬದಲಾಯಿಸುವುದು ಕ್ಷೇಮ.

(೮) ಹಳೆಯ ಅಚ್ಚನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಮಲಗಿಸಿ, ಉದ್ದ, ತುದಿಯ ಹಲ್ಲುಗಳ ಸಂಖ್ಯೆ, ಸೀಲು ಕೂರುವ ಭಾಗದ ಗಾತ್ರ ಇವುಗಳನ್ನು ತಾಳೆನೋಡಬೇಕು. ಎಡಗಡೆಯ ಅಚ್ಚೂ ಬಲಗಡೆಯದೂ ಹಲವು ಕಾರುಗಳಲ್ಲಿ ಬೇರೆ ಬೇರೆ ಉದ್ದವಾಗಿರುತ್ತವೆ. ಎ.ಬಿ.ಎಸ್. ಬ್ರೇಕು ಇರುವ ಕೆಲವು ಕಾರುಗಳಲ್ಲಿ ಹೊರಗೀಲಿನ ಮೇಲೆ ಹಲ್ಲಿನ ಬಳೆಯೊಂದಿರುವುದು. ಹೊಸದರಲ್ಲಿಯೂ ಅದು ಇರಬೇಕು.

(೯) ಸೀಲಿನ ತುಟಿಗೆ ಸ್ವಲ್ಪ ಗೇರೆಣ್ಣೆಯನ್ನು ಸವರಿ, ಹೊಸ ಅಚ್ಚಿನ ಒಳತುದಿಯನ್ನು ನೇರವಾಗಿ ಒಳಕ್ಕೆ ನೂಕಬೇಕು. ಬಳೆಯು ಕೂತಾಗ ಟಕ್ಕೆಂದು ಕೈಗೆ ತಿಳಿಯುವುದು. ಒಳಗೀಲಿನ ಬಟ್ಟಲನ್ನೇ ಹಿಡಿದು ಮೆಲ್ಲಗೆ ಎಳೆದಾಗ ಅದು ಹೊರಬಾರದಿದ್ದರೆ ಸರಿಯಾಗಿ ಕೂತಿದೆಯೆಂದರ್ಥ. ತರುವಾಯ ಹೊರತುದಿಯನ್ನು ಗುಂಬಕ್ಕೆ ಸೇರಿಸಿ, ಬಾಲ್ ಜಾಯಿಂಟನ್ನು ಯಥಾಪ್ರಕಾರ ಜೋಡಿಸಿ ಬಿಗಿಮಾಡಬೇಕು.

(೧೦) ಹೊಸ ನಟ್ಟನ್ನು ಹಾಕಿ ಸಾಧ್ಯವಾದಷ್ಟು ಬಿಗಿಮಾಡಿ, ಗಾಲಿಯನ್ನು ತೊಡಿಸಿ, ಕಾರನ್ನು ನೆಲಕ್ಕಿಳಿಸಿ, ಸಹಾಯಕರು ಬ್ರೇಕು ತುಳಿದಿರುವಾಗ ಟಾರ್ಕ್ ಸ್ಪ್ಯಾನರಿನಿಂದ ಪುಸ್ತಕದಲ್ಲಿ ಹೇಳಿದ ಅಳತೆಗೆ ಬಿಗಿಯಬೇಕು. ಈ ಅಳತೆಯು ಕಾರಿನಿಂದ ಕಾರಿಗೆ ಭೇದಿಸುವುದು. ಉದಾಹರಣೆಗೆ, ೨೦೦ ನ್ಯೂಟನ್-ಮೀಟರ್ ಎಂದಿದ್ದರೆ, ಒಂದು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಸುಮಾರು ೨೦ ಕಿಲೋಗ್ರಾಂ ಭಾರವನ್ನು ತೂಗಿಬಿಟ್ಟಷ್ಟು ಬಲವೆಂದು ತಿಳಿಯಬೇಕು. ಬಿಗಿತ ಕಡಿಮೆಯಾದರೆ ಗುಂಬವು ಅಲುಗಾಡಿ ಬೇರಿಂಗೂ ಹಲ್ಲುಗಳೂ ಕೆಡುವುವು. ಮಿತಿಮೀರಿದರೂ ಬೇರಿಂಗು ಹಾಳಾಗುವುದು. ಕೊನೆಯಲ್ಲಿ ನಟ್ಟಿನ ಅಂಚನ್ನು ಗಾಡಿಗೆ ಬಡಿಯುವುದನ್ನಾಗಲಿ, ಹೊಸ ಕಾಟರ್ ಪಿನ್ನನ್ನು ಹಾಕುವುದನ್ನಾಗಲಿ ಬಿಡಕೂಡದು. ಗಾಡಿಗೆ ಕಡಾಣಿಯು ಹೇಗೋ ಕಾರಿನ ಗಾಲಿಗೆ ಇದು ಹಾಗೆ. ಗಾಲಿಯ ನಟ್ಟುಗಳನ್ನೂ ಎದುರುಬದುರಾಗಿ ಅಳತೆಗೆ ಬಿಗಿಯಬೇಕು.

೬. ಅನಂತರದ ಕಾರ್ಯಗಳು

ಗೇರೆಣ್ಣೆಯನ್ನು ಪುಸ್ತಕದಲ್ಲಿ ಹೇಳಿದ ಮಟ್ಟಕ್ಕೆ ತುಂಬಿದ ಹೊರತು ಇಂಜಿನ್ನನ್ನು ಓಡಿಸಕೂಡದು. ತರುವಾಯ ಬಯಲಿನಲ್ಲಿ ಮೊದಲಿನಂತೆಯೇ ಎರಡು ಕಡೆಗೂ ಸುತ್ತು ಬಂದು ಶಬ್ದ ಹೋಗಿದೆಯೇ ಎಂದು ನೋಡಬೇಕು. ಮಾರನೆಯ ದಿನ ಕಾರಿನ ಕೆಳಗೆ ಎಣ್ಣೆಯ ತೊಟ್ಟು ಬಿದ್ದಿದೆಯೇ ಎಂದು ಪರೀಕ್ಷಿಸತಕ್ಕದ್ದು. ಸುಮಾರು ೫೦ ಕಿಲೋಮೀಟರ್ ಓಡಿದ ಮೇಲೆ ಗಾಲಿಯ ನಟ್ಟುಗಳ ಬಿಗಿತವನ್ನು ಮತ್ತೊಮ್ಮೆ ನೋಡತಕ್ಕದ್ದು.

ಇಳಿಸಿದ ಹಳೆಯ ಎಣ್ಣೆಯನ್ನು ಬದುವಿಗಾಗಲಿ ಕಾಲುವೆಗಾಗಲಿ ಬಾವಿಯ ಹತ್ತಿರವಾಗಲಿ ಚೆಲ್ಲುವುದು ಭೂಮಿಗೂ ನೀರಿಗೂ ದೊಡ್ಡ ಕೇಡು. ೨೦೧೬ನೆಯ ಇಸವಿಯ ಕೇಂದ್ರ ಸರ್ಕಾರದ ನಿಯಮಗಳಲ್ಲಿ ಇದನ್ನು ಹಾನಿಕರ ತ್ಯಾಜ್ಯಗಳ ಸಾಲಿಗೆ ಸೇರಿಸಲಾಗಿದೆ. ಮುಚ್ಚಳವುಳ್ಳ ಡಬ್ಬದಲ್ಲಿ ಶೇಖರಿಸಿ, ಬಳಸಿದ ಎಣ್ಣೆಯನ್ನು ಅಧಿಕೃತವಾಗಿ ಸಂಗ್ರಹಿಸುವವರಿಗೆ ಮುಟ್ಟಿಸುವ ಗ್ಯಾರೇಜಿಗೆ ಒಪ್ಪಿಸತಕ್ಕದ್ದು.

೭. ಮನೆಯಲ್ಲಿ ಮಾಡಬಾರದ ಸಂದರ್ಭಗಳು

ಸ್ಟ್ಯಾಂಡುಗಳಾಗಲಿ ಟಾರ್ಕ್ ಸ್ಪ್ಯಾನರಾಗಲಿ ಇಲ್ಲದಿದ್ದರೆ, ನೆಲವು ಇಳಿಜಾರಾಗಿಯೋ ಮೆತ್ತಗೋ ಇದ್ದರೆ, ಅಚ್ಚು ಗುಂಬದಲ್ಲಿ ತುಕ್ಕು ಹಿಡಿದು ಸಾಧಾರಣ ಪೆಟ್ಟಿಗೆ ಜಗ್ಗದಿದ್ದರೆ, ಈ ಕೆಲಸವನ್ನು ಅನುಭವವುಳ್ಳ ಮೆಕ್ಯಾನಿಕ್ಕಿಗೆ ಬಿಡುವುದೇ ಲೇಸು. ವಿದ್ಯುಚ್ಛಕ್ತಿಯಿಂದ ನಡೆಯುವ ಕಾರುಗಳಲ್ಲಿಯೂ ಇಂಥವೇ ಅಚ್ಚುಗಳಿದ್ದರೂ, ಅವುಗಳಲ್ಲಿ ಅಧಿಕ ಒತ್ತಡದ ವಿದ್ಯುತ್ತು ಹರಿಯುವುದರಿಂದ ಮನೆಯಲ್ಲಿ ಕೈಹಾಕತಕ್ಕದ್ದಲ್ಲ.

೮. ಮುಂಜಾಗರೂಕತೆ

ಬೂಟನ್ನು ಹೊಸದಾಗಿ ಹಾಕುವಾಗ ಗಾಡಿಯ ಕೀಲೆಣ್ಣೆಯನ್ನಾಗಲಿ ಟ್ರಾಕ್ಟರಿಗೆ ಹಾಕುವ ಸಾಧಾರಣ ಗ್ರೀಸನ್ನಾಗಲಿ ತುಂಬಕೂಡದು. ಆ ಕೀಲಿಗೆಂದೇ ಮಾರುವ, ಸಾಮಾನ್ಯವಾಗಿ ಮಾಲಿಬ್ಡಿನಂ ಡೈಸಲ್ಫೈಡ್ ಸೇರಿದ ಕಪ್ಪು ಗ್ರೀಸನ್ನೇ ಉಪಯೋಗಿಸಬೇಕು. ತಿಂಗಳಿಗೊಮ್ಮೆ, ಮುಳ್ಳು ಕೂಳೆಗಳಿರುವ ದಾರಿಯಲ್ಲಿ ಓಡಿಸಿದ ಮಾರನೆಯ ದಿನವಂತೂ ತಪ್ಪದೆ, ನಿಂತ ಕಾರಿನ ಸ್ಟಿಯರಿಂಗನ್ನು ಪೂರ್ತಿ ಹೊರಳಿಸಿ, ಗಾಲಿಯ ಹಿಂದೆ ದೀಪ ಹಿಡಿದು ಬೂಟಿನ ನೆರಿಗೆಗಳನ್ನು ನೋಡತಕ್ಕದ್ದು. ಇದಕ್ಕೆ ಹಿಡಿಯುವ ಕಾಲವು ಐದು ನಿಮಿಷ ಮಾತ್ರ. ಹೀಗೆ ನೋಡುವ ಅಭ್ಯಾಸವನ್ನು ಇಟ್ಟುಕೊಂಡವರಿಗೆ, ಮೇಲೆ ವಿವರಿಸಿದ ಹತ್ತು ಹಂತಗಳ ಕೆಲಸವನ್ನು ಮಾಡುವ ಪ್ರಸಂಗವು ಬಹುಕಾಲ ಒದಗದೆ ಇರಬಹುದು. ಒದಗಿದ ಪಕ್ಷದಲ್ಲಿಯಾದರೋ, ಕಾರಿನ ಕೆಳಗಿನ ಸ್ಟ್ಯಾಂಡನ್ನೂ ಅಚ್ಚಿನ ತುದಿಯ ನಟ್ಟನ್ನೂ ಎರಡೆರಡು ಸಲ ಪರೀಕ್ಷಿಸುವುದಕ್ಕೆ ನಮ್ಮ ರೈತಬಾಂಧವರು ಬೇಸರಪಡತಕ್ಕದ್ದಲ್ಲ.